ಮಕ್ಕಳ ಹಲ್ಲು ಮತ್ತು ಕುಡಿಯುವ ನೀರು

(ಸಿರವಾರದಲ್ಲಿ ರೈತರು ಹಾಗೂ ರೈತ ಮಹಿಳೆಯರಿಗಾಗಿ ನೀಡಿದ ಉಪನ್ಯಾಸದ ಪಾಠ)



ದನದ ಸಂತೆಗೆ ಹೋದ ರೈತ ಎತ್ತಿನ ಬಾಯಿ ತೆರೆದು ನೋಡದೆ ವ್ಯಾಪಾರ ಕುದುರಿಸುವುದಿಲ್ಲ. ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ, ಬಾಯಿಗೂಡಿದೆಯೋ ಎಂಬುದನ್ನು ಕ್ಷಣಮಾತ್ರದಲ್ಲಿ ಹೇಳಬಲ್ಲ. ಅದೇ ರೈತ ತನ್ನ ಮಗುವಿನ ಬಾಯಿ ತೆರೆದು ನೋಡುವುದು ಅದು ಹಲ್ಲುನೋವೆಂದು ರಾತ್ರಿಯೆಲ್ಲ ಅತ್ತಾಗ ಮಾತ್ರ. ಅಷ್ಟರಲ್ಲಿ ಹುಳುಕು ಬೇರು ಮುಟ್ಟಿರುತ್ತದೆ.

ನಮ್ಮ ಭಾಗದಲ್ಲಿ ಮಕ್ಕಳ ಹಲ್ಲಿಗೆ ಎರಡು ಕಂಟಕಗಳಿವೆ. ಒಂದು ಎಲ್ಲ ಕಡೆ ಇರುವ ಹುಳುಕು. ಇನ್ನೊಂದು ನೀರಿನ ಮೂಲಕ ಬರುವ ಫ್ಲೋರೋಸಿಸ್. ಇವೆರಡೂ ಬೇರೆ ಬೇರೆ, ಪರಿಹಾರವೂ ಬೇರೆ.

ನೀರಿನಿಂದ ಬರುವ ಕಲೆ

ರಾಯಚೂರು ಜಿಲ್ಲೆಯ ನೆಲದಡಿ ಇರುವುದು ಹಳೆಯ ಗ್ರಾನೈಟ್ ಮತ್ತು ನೈಸ್ ಶಿಲೆ. ಈ ಕಲ್ಲಿನೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದ್ದು, ಕಲ್ಲಿನ ಸಂದಿಯಲ್ಲಿ ಬಹುಕಾಲ ನಿಂತ ನೀರಿಗೆ ಅದು ಕರಗಿ ಬರುತ್ತದೆ. ಸೋಡಿಯಂ ಬೈಕಾರ್ಬೋನೇಟ್ ಹೆಚ್ಚು, ಸುಣ್ಣದ ಅಂಶ ಕಡಿಮೆ ಇರುವ ನೀರಿನಲ್ಲಿ ಇದು ಇನ್ನೂ ಹೆಚ್ಚು. ಇಂಥ ನೀರನ್ನೇ ಹಾಯಿಸಿದರೆ ಎರೆಭೂಮಿ ಕ್ಷಾರವಾಗಿ ಗಟ್ಟಿಯಾಗುತ್ತದೆ ಎಂಬುದು ರೈತರಿಗೆ ಗೊತ್ತಿರುವ ಸಂಗತಿ. ಹೊಲ ಕೆಡಿಸುವ ನೀರು ಮಗುವಿನ ಹಲ್ಲನ್ನೂ ಕೆಡಿಸಬಹುದು ಎಂಬ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು.

ಫ್ಲೋರೈಡ್ ಬೆಳೆಗೆ ಬೋರಾನ್ ಇದ್ದಂತೆ. ಅಲ್ಪ ಪ್ರಮಾಣದಲ್ಲಿ ಹಲ್ಲನ್ನು ಹುಳುಕಿನಿಂದ ಕಾಯುತ್ತದೆ. ಮಿತಿ ಮೀರಿದರೆ ಹಾನಿ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿ.ಗ್ರಾಂ. ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿ.ಗ್ರಾಂ. ವರೆಗೆ ಮಾತ್ರ. ನಮ್ಮ ದೇಶದಲ್ಲಿ ಈ ರೋಗವನ್ನು 1937ರಲ್ಲಿ ಅಂದಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಲಾಯಿತು. ರಾಯಚೂರು ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿಯೂ ಈ ಮಿತಿ ಮೀರಿದೆ.

ಮುಖ್ಯವಾಗಿ ತಿಳಿಯಬೇಕಾದುದು ವಯಸ್ಸು. ಶಾಶ್ವತ ಹಲ್ಲಿನ ಮೇಲಿನ ಗಟ್ಟಿ ಪದರು ಹಲ್ಲು ಹೊರಬರುವ ಮೊದಲೇ, ವಸಡಿನೊಳಗೆ ತಯಾರಾಗುತ್ತದೆ. ಹುಟ್ಟಿದಂದಿನಿಂದ 8 ವರ್ಷದವರೆಗೆ ಮಗು ಕುಡಿದ ನೀರು ಅದರ ಹಲ್ಲಿನ ಮೇಲೆ ಬರೆದಿಟ್ಟಂತೆ ಉಳಿಯುತ್ತದೆ. ಮೊದಲು ಸುಣ್ಣದಂಥ ಬಿಳಿ ಮಚ್ಚೆ. ಹೆಚ್ಚಾದರೆ ಹಳದಿ, ಕಂದು ಬಣ್ಣದ ಅಡ್ಡಪಟ್ಟೆ. ಇನ್ನೂ ಹೆಚ್ಚಾದರೆ ಹಲ್ಲಿನ ಮೇಲೆ ಗುಳಿ. ಎಡಬಲದ ಜೋಡಿ ಹಲ್ಲುಗಳಲ್ಲಿ ಸಮನಾಗಿ ಕಾಣುವುದೇ ಇದರ ಗುರುತು. ಎಷ್ಟು ತಿಕ್ಕಿದರೂ ಇದು ಹೋಗದು. "ಸರಿಯಾಗಿ ಹಲ್ಲು ತಿಕ್ಕೋದಿಲ್ಲ" ಎಂದು ಮಗುವನ್ನು ಬೈಯುವುದು ತಪ್ಪು. ಇದ್ದಿಲು, ಇಟ್ಟಿಗೆ ಪುಡಿಯಿಂದ ಉಜ್ಜಿದರೆ ಕಲೆ ಉಳಿದು ಹಲ್ಲು ಸವೆಯುತ್ತದೆ. ಶಾಲೆಯಲ್ಲಿ ಬಾಯಿಗೆ ಕೈ ಅಡ್ಡ ಹಿಡಿದು ನಗುವ ಹುಡುಗಿಯ ಸಂಕೋಚ ಅವಳ ತಪ್ಪಿನಿಂದ ಬಂದದ್ದಲ್ಲ, ಕೊಡದ ನೀರಿನಿಂದ ಬಂದದ್ದು.

ಪರಿಹಾರವೇನು?

ಮಣ್ಣು ಪರೀಕ್ಷೆಗೆ ಚೀಲ ಹಿಡಿದು ಹೋಗುವ ರೈತ ಕುಡಿಯುವ ನೀರನ್ನೂ ಪರೀಕ್ಷೆ ಮಾಡಿಸಬೇಕು. ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ, ಯಾವ ಕೊಳವೆಬಾವಿಯಲ್ಲಿ ಎಷ್ಟು ಫ್ಲೋರೈಡ್ ಇದೆ ಎಂಬುದನ್ನು ಕೇಳಿ ತಿಳಿಯಬೇಕು. ಪಕ್ಕಪಕ್ಕದ ಎರಡು ಬಾವಿಗಳಲ್ಲಿಯೂ ಪ್ರಮಾಣ ಬೇರೆಯಾಗಬಹುದು.

ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಶುದ್ಧ ನೀರಿನ ಘಟಕದ ನೀರು, ಸ್ವಚ್ಛ ಚಾವಣಿಯಿಂದ ಹಿಡಿದ ಮಳೆನೀರು ಉತ್ತಮ. ಕಾಲುವೆಯ ನೀರಿನಲ್ಲಿ ಸಾಮಾನ್ಯವಾಗಿ ಫ್ಲೋರೈಡ್ ಕಡಿಮೆ. ಆದರೆ ರೋಗಾಣುಗಳಿರುವುದರಿಂದ ಸೋಸಿ ಕುದಿಸಲೇಬೇಕು. ಘಟಕ ಕೆಟ್ಟು ನಿಂತರೆ ಜನ ಮತ್ತೆ ಹಳೆಯ ಬೋರಿಗೇ ಹೋಗುತ್ತಾರೆ. ಆದುದರಿಂದ ಅದರ ದುರಸ್ತಿಯ ಮಾತನ್ನು ಗ್ರಾಮಸಭೆಯಲ್ಲಿ ಎತ್ತಬೇಕು. ಘಟಕದಿಂದ ಹೊರಬೀಳುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವುದರಿಂದ ಅದನ್ನು ದನಕರುಗಳಿಗೂ ಕುಡಿಸಬಾರದು.

ಒಳ್ಳೆಯ ನೀರು ಒಂದೇ ಕೊಡ ಸಿಕ್ಕರೆ ಅದನ್ನು ಮೊದಲು 8 ವರ್ಷದೊಳಗಿನ ಮಕ್ಕಳಿಗೆ ಕುಡಿಯಲು ಮತ್ತು ಅವರ ಅಡುಗೆಗೆ ಮೀಸಲಿಡಿ. ಸ್ನಾನಕ್ಕೆ, ಬಟ್ಟೆಗೆ ಬೋರಿನ ನೀರು ಸಾಕು. ಹಾಲು, ಮಜ್ಜಿಗೆ, ಎಳ್ಳು, ರಾಗಿ, ಸೊಪ್ಪಿನ ಪಲ್ಯ ಮಕ್ಕಳಿಗೆ ತಪ್ಪದೆ ಸಿಗಲಿ. ಸುಣ್ಣದ ಅಂಶ ಫ್ಲೋರೈಡ್ ಮೈಗೆ ಸೇರುವುದನ್ನು ತಗ್ಗಿಸುತ್ತದೆ. ಚಹಾ ಎಲೆಯಲ್ಲಿಯೇ ಫ್ಲೋರೈಡ್ ಇರುವುದರಿಂದ ಮಕ್ಕಳಿಗೆ ಚಹಾ ಬೇಡ.

ಹುಳುಕು ತಡೆಯುವ ಬಗೆ

ಸಿಹಿ ಮತ್ತು ಹಿಟ್ಟಿನ ಪದಾರ್ಥ ಹಲ್ಲಿಗೆ ಅಂಟಿದಾಗ ಬಾಯಿಯ ಸೂಕ್ಷ್ಮಜೀವಿಗಳು ಅದರಿಂದ ಆಮ್ಲ ತಯಾರಿಸುತ್ತವೆ. ಆಮ್ಲ ಹಲ್ಲನ್ನು ಕರಗಿಸುತ್ತದೆ. ಹೀಗಾಗಿ ಎಷ್ಟು ಸಿಹಿ ತಿಂದಿತು ಎನ್ನುವುದರಷ್ಟೇ ದಿನಕ್ಕೆ ಎಷ್ಟು ಸಲ ತಿಂದಿತು ಎನ್ನುವುದೂ ಮುಖ್ಯ. ಹೊಲಕ್ಕೆ ಹೋಗುವಾಗ ಮಗು ಅಳಬಾರದೆಂದು ಕೈಗೆ ಬಿಸ್ಕತ್ತಿನ ಪೊಟ್ಟಣ ಕೊಡುವ ರೂಢಿ ಬಿಡಬೇಕು. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸಬಾರದು.

ಮೊದಲ ಹಲ್ಲು ಬಂದಂದಿನಿಂದಲೇ ಒದ್ದೆ ಬಟ್ಟೆಯಿಂದ ಅಥವಾ ಮೆತ್ತನೆಯ ಬ್ರಷ್‌ನಿಂದ ಶುಚಿ ಮಾಡಿ. ಬೆಳಿಗ್ಗೆ ಒಮ್ಮೆ, ರಾತ್ರಿ ಮಲಗುವ ಮುಂಚೆ ಒಮ್ಮೆ. 7-8 ವರ್ಷದವರೆಗೆ ದೊಡ್ಡವರೇ ತಿಕ್ಕಿಸಬೇಕು. ಪೇಸ್ಟು 3 ವರ್ಷದೊಳಗೆ ಅಕ್ಕಿಕಾಳಿನಷ್ಟು, 6 ವರ್ಷದವರೆಗೆ ಬಟಾಣಿಯಷ್ಟು ಸಾಕು. ನುಂಗದೆ ಉಗುಳಲು ಕಲಿಸಿ. ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವ ಊರಿನವರು ಯಾವ ಪೇಸ್ಟು ತಕ್ಕದ್ದು ಎಂಬುದನ್ನು ದಂತ ವೈದ್ಯರಲ್ಲಿ ಕೇಳಬೇಕು.

ದಂತ ವೈದ್ಯರಲ್ಲಿಗೆ

"ಹಾಲುಹಲ್ಲು ಹೇಗೂ ಬಿದ್ದುಹೋಗುತ್ತದೆ, ಖರ್ಚೇಕೆ?" ಎಂಬುದು ಹಳ್ಳಿಗಳಲ್ಲಿ ಕೇಳುವ ಮಾತು. 20 ಹಾಲುಹಲ್ಲುಗಳು ಮುಂದಿನ ಹಲ್ಲುಗಳಿಗೆ ಜಾಗ ಕಾಯುತ್ತವೆ. ಬೇಗ ಕಿತ್ತರೆ ಮುಂದಿನವು ಓರೆಯಾಗಬಹುದು. ಇನ್ನೊಂದು ಎಚ್ಚರಿಕೆ: 6ನೇ ವರ್ಷದ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಒಂದು ದವಡೆ ಹಲ್ಲು ಬರುತ್ತದೆ. ಇದು ಹಾಲುಹಲ್ಲಲ್ಲ, ಬಾಳಿನುದ್ದಕ್ಕೂ ಇರಬೇಕಾದ ಹಲ್ಲು. ಗೊತ್ತಿಲ್ಲದೆ ಕಳೆದುಕೊಂಡವರು ಬಹಳ.

ಮೊದಲ ವರ್ಷ ತುಂಬುವುದರೊಳಗೆ ಒಮ್ಮೆ, ಬಳಿಕ ಆರು ತಿಂಗಳಿಗೊಮ್ಮೆ ಹಲ್ಲು ತೋರಿಸುವುದು ಉತ್ತಮ. ಚುಕ್ಕೆಯಷ್ಟು ಹುಳುಕನ್ನು ಒಂದೇ ಭೇಟಿಯಲ್ಲಿ ತುಂಬಬಹುದು. ಫ್ಲೋರೋಸಿಸ್ ಕಲೆಯನ್ನು ತಿಳಿಗೊಳಿಸುವ, ಹಲ್ಲಿನ ಬಣ್ಣದ ಲೇಪ ಹಾಕುವ ಚಿಕಿತ್ಸೆಯೂ ಇದೆ. ರಾಯಚೂರಿನಲ್ಲಿ ಎ.ಎಂ.ಇ. ಹಾಗೂ ನವೋದಯ ದಂತ ವೈದ್ಯಕೀಯ ಕಾಲೇಜುಗಳಿವೆ. ನೋವೆಂದಾಗ ಎಕ್ಕದ ಹಾಲು, ತಂಬಾಕು ಇಟ್ಟರೆ ವಸಡು ಸುಟ್ಟು ಹುಣ್ಣಾಗುತ್ತದೆ. ಕೆನ್ನೆ ಊದಿ ಜ್ವರ ಬಂದರೆ ಒಂದು ದಿನವೂ ತಡಮಾಡಬಾರದು. "ಸುಮ್ಮನಿರದಿದ್ದರೆ ಡಾಕ್ಟರು ಹಲ್ಲು ಕೀಳುತ್ತಾರೆ" ಎಂದು ಮಕ್ಕಳನ್ನು ಹೆದರಿಸಲೂಬೇಡಿ.

ಬೆಳೆ ಒಂದು ಹಂಗಾಮು ಕೈಕೊಟ್ಟರೆ ಮತ್ತೊಮ್ಮೆ ಬಿತ್ತಬಹುದು. ಶಾಶ್ವತ ಹಲ್ಲು ಒಮ್ಮೆ ಮಾತ್ರ ಮೊಳೆಯುತ್ತದೆ. ಇಂದು ಮನೆಗೆ ಹೋದ ಮೇಲೆ ಮಗುವನ್ನು ಬೆಳಕಿಗೆ ನಿಲ್ಲಿಸಿ, ಬಾಯಿ ತೆರೆಸಿ ನೋಡಿ. ನಾಳೆ ಪಂಚಾಯಿತಿಗೆ ಹೋಗಿ ನಿಮ್ಮ ಓಣಿಯ ನೀರಿನ ಲೆಕ್ಕ ಕೇಳಿ.