ಜುಮಾ ಖುತ್ಬಾ ಸಾರಾಂಶ: ಮದ್ರಸಕ್ಕಾಗಿ ಎಂದರೂ ಜೂಜು ಜೂಜೇ

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್ (ಸ), ಅವರ ಕುಟುಂಬ ಹಾಗೂ ಸಹಾಬಿಗಳ ಮೇಲೆ ಅಲ್ಲಾಹನ ಕೃಪೆ ಮತ್ತು ಶಾಂತಿ ಇರಲಿ.

ಸತ್ಯವಿಶ್ವಾಸಿಗಳೇ,

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಭಾಗದ ನಮ್ಮ ಸಮಾರಂಭಗಳಲ್ಲಿ ಲಕ್ಕಿ ಕೂಪನ್ ಒಂದು ರೂಢಿಯಾಗುತ್ತಿದೆ. ಮದ್ರಸದ ಕಾರ್ಯಕ್ರಮವಿರಲಿ, ಯುವಕರ ಪಂದ್ಯಾಟವಿರಲಿ, 50 ಅಥವಾ 100 ರೂಪಾಯಿಯ ಕೂಪನ್ ಮನೆಮನೆಗೆ ಬರುತ್ತದೆ. ಪ್ರಥಮ ಬಹುಮಾನ ಸ್ಕೂಟರ್, ದ್ವಿತೀಯ ಫ್ರಿಜ್. ಮದುವೆಮನೆಯಲ್ಲಿ ಮೆಹೆಂದಿ ರಾತ್ರಿ ಹಣ ಹಾಕಿ ಹೌಸಿ ಆಡುವುದೂ ಇದೆ. ಕೇಳಿದರೆ, "ಉಸ್ತಾದ್, ಇದು ಜೂಜಲ್ಲ, ಹಣ ಹೋಗುವುದು ಒಳ್ಳೆಯ ಕೆಲಸಕ್ಕಲ್ಲವೇ?" ಎಂಬ ಉತ್ತರ ಸಿಗುತ್ತದೆ.

ಈ ಉತ್ತರ ಹೊಸದಲ್ಲ. ಜಾಹಿಲಿಯ್ಯಾ ಕಾಲದ ಅರಬರು ಒಂಟೆಯನ್ನು ಕೊಯ್ದು ಪಾಲು ಮಾಡುತ್ತಿದ್ದರು. ಯಾರಿಗೆ ಪಾಲು, ಯಾರು ಬೆಲೆ ತೆರಬೇಕು ಎಂಬುದನ್ನು ಬಾಣಗಳನ್ನು ಎತ್ತಿ ತೀರ್ಮಾನಿಸುತ್ತಿದ್ದರು. ಗೆದ್ದವರು ಆ ಮಾಂಸವನ್ನು ಬಡವರಿಗೆ ಕೊಟ್ಟು, ಅದನ್ನು ದೊಡ್ಡ ಔದಾರ್ಯವೆಂದು ಹೇಳಿಕೊಳ್ಳುತ್ತಿದ್ದರು. ಇದೇ ಮೈಸಿರ್. ಅದರಲ್ಲಿ ಜನರಿಗೆ ಒಂದಿಷ್ಟು ಪ್ರಯೋಜನವಿದೆ ಎಂದು ಅಲ್‌ಬಖರ ಅಧ್ಯಾಯದ 219ನೇ ಸೂಕ್ತ ಒಪ್ಪುತ್ತದೆ. ಆದರೆ ಪ್ರಯೋಜನಕ್ಕಿಂತ ಪಾಪ ದೊಡ್ಡದು ಎಂದು ಎಚ್ಚರಿಸುತ್ತದೆ. ಅಲ್‌ಮಾಇದ ಅಧ್ಯಾಯದ 90 ಮತ್ತು 91ನೇ ಸೂಕ್ತಗಳು ಅದನ್ನು ಶೈತಾನನ ಕೆಲಸವೆಂದು ನಿಷೇಧಿಸಿದವು. ಅದು ನಿಮ್ಮೊಳಗೆ ಹಗೆ ಹುಟ್ಟಿಸುತ್ತದೆ, ಅಲ್ಲಾಹನ ಸ್ಮರಣೆಯಿಂದಲೂ ನಮಾಝ್‌ನಿಂದಲೂ ತಡೆಯುತ್ತದೆ ಎಂದು ಕಾರಣವನ್ನೂ ತಿಳಿಸಿದವು. ಬಡವರ ಹೊಟ್ಟೆ ತುಂಬಿಸಿದ ಮೈಸಿರ್‌ಗೇ ವಿನಾಯಿತಿ ಸಿಗಲಿಲ್ಲ. ನಮ್ಮ ಕಟ್ಟಡ ನಿಧಿಗೆ ಹೇಗೆ ಸಿಕ್ಕೀತು?

"ಬಾ, ಜೂಜಾಡೋಣ" ಎಂದು ಬರಿಯ ಬಾಯಿಮಾತಿಗೆ ಕರೆದವನೂ ಸದಖ ಕೊಡಲಿ ಎಂದು ಪ್ರವಾದಿಯವರು (ಸ) ಕಲಿಸಿದ್ದನ್ನು ಅಬೂಹುರೈರಾ (ರ) ವರದಿ ಮಾಡಿದ್ದಾರೆ. ಕರೆದದ್ದಕ್ಕೇ ಹೀಗಾದರೆ, ಮಕ್ಕಳ ಕೈಯಲ್ಲಿ ಕೂಪನ್ ಪುಸ್ತಕ ಕೊಟ್ಟು ಮನೆಮನೆಗೆ ಕಳುಹಿಸುವುದನ್ನು ನಾವು ಏನೆಂದು ಕರೆಯಬೇಕು?

ಹಾಗೆಂದು ಚೀಟಿ ಎತ್ತುವುದೆಲ್ಲ ಹರಾಮ್ ಅಲ್ಲ. ಪ್ರವಾದಿಯವರು (ಸ) ಪ್ರಯಾಣ ಹೊರಡುವಾಗ, ಪತ್ನಿಯರಲ್ಲಿ ಯಾರು ಜೊತೆಗೆ ಬರಬೇಕೆಂದು ಚೀಟಿ ಎತ್ತಿಯೇ ನಿರ್ಧರಿಸುತ್ತಿದ್ದರು. ಅರ್ಜಿಗಳು ಹೆಚ್ಚಾದಾಗ ಹಜ್ ಕಮಿಟಿಯವರು ಯಾತ್ರಿಕರನ್ನು ಆರಿಸುವುದೂ ಹೀಗೆಯೇ. ಅಲ್ಲಿ ಸರದಿ ಮಾತ್ರ ತೀರ್ಮಾನವಾಗುತ್ತದೆ. ಒಬ್ಬನ ಹಣ ಇನ್ನೊಬ್ಬನ ಜೇಬಿಗೆ ಹೋಗುವುದಿಲ್ಲ. ಎಲ್ಲರೂ ಸಮನಾಗಿ ಕಟ್ಟಿ, ಹರಾಜಿಲ್ಲದೆ, ಸರದಿಯಂತೆ ಎಲ್ಲರೂ ಅಷ್ಟೇ ಮೊತ್ತ ಪಡೆಯುವ ನೆರೆಹೊರೆಯ ಕುರಿ ಫಂಡ್ ಕೂಡ ಜೂಜಲ್ಲ. ಪ್ರವೇಶಕ್ಕೆ ಹಣ ಪಡೆಯದೆ, ಯಾರೋ ದಾನಿ ಕೊಟ್ಟ ಬಹುಮಾನವನ್ನು ಖಿರಾಅತ್ ಅಥವಾ ಕ್ವಿಝ್‌ನಲ್ಲಿ ಗೆದ್ದ ಮಗುವಿಗೆ ಕೊಡುವುದು ಉಡುಗೊರೆ. ಆದರೆ ಹಣ ಕೊಟ್ಟು, ಬಂದರೆ ಸ್ಕೂಟರ್, ಬಾರದಿದ್ದರೆ ಕೈಬಿಟ್ಟ ಹಣ ಎಂಬ ಸ್ಥಿತಿಯಲ್ಲಿ ನಿಂತರೆ, ಅದೇ ಜೂಜು.

ಇದರ ದೊಡ್ಡ ರೂಪ ತಿಂಗಳ ಲಕ್ಕಿ ಸ್ಕೀಂ. ತಿಂಗಳಿಗೆ 1,000 ರೂಪಾಯಿ ಕಟ್ಟಿಸಿಕೊಳ್ಳುತ್ತಾರೆ, ಪ್ರತಿ ತಿಂಗಳೂ ಡ್ರಾ ಮಾಡುತ್ತಾರೆ. ಗೆದ್ದವನು ಮುಂದಿನ ಕಂತು ಕಟ್ಟಬೇಕಾಗಿಲ್ಲ. ಅವನ ಬಹುಮಾನದ ಬೆಲೆ ಯಾರದ್ದು? ಉಳಿದವರದ್ದು. ನಡೆಸುವವನು ಕಚೇರಿಗೆ ಬೀಗ ಹಾಕಿದ ದಿನ, ದಿನವಿಡೀ ಬೀಡಿ ಕಟ್ಟಿ ಕಂತು ಹೊಂದಿಸಿದ ತಾಯಂದಿರು ಬರಿಗೈಯಲ್ಲಿ ನಿಲ್ಲುತ್ತಾರೆ. ಪರಿಚಯದ ಮಾತು ನಂಬಿ ಸೇರಿದವರೇ ಅವರಲ್ಲಿ ಹೆಚ್ಚು. ಹಾಗಾಗಿ ಹಗೆ ಮೊದಲು ಹುಟ್ಟುವುದು ಸಂಬಂಧಿಕರ ನಡುವೆ. ಕುರ್‌ಆನ್ ಹೇಳಿದ ಕಾರಣ ಇಲ್ಲಿ ಕಣ್ಣಿಗೇ ಕಾಣುತ್ತದೆ.

ನಾಡಿನ ಕಾನೂನೂ ಇದನ್ನು ಒಪ್ಪುವುದಿಲ್ಲ. ಬಹುಮಾನ ಚೀಟಿಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆ 1978ರಿಂದಲೇ ಇದೆ. ಕರ್ನಾಟಕ 2007ರಲ್ಲಿ ಲಾಟರಿಯನ್ನು ನಿಲ್ಲಿಸಿತು. ತಲಪಾಡಿ ದಾಟಿದರೆ, 1967ರಿಂದ ಕೇರಳ ಸರಕಾರವೇ ನಡೆಸುತ್ತಿರುವ ಲಾಟರಿಯ ಟಿಕೆಟ್ ಸಿಗುತ್ತದೆ. ಸರಕಾರದ ಮುದ್ರೆ ಬಿದ್ದ ಮಾತ್ರಕ್ಕೆ ಅದು ನಮಗೆ ಹಲಾಲ್ ಆಗುವುದಿಲ್ಲ.

ಸಹೋದರರೇ, ಮದ್ರಸಕ್ಕೆ ಹಣ ಬೇಕು, ಉಸ್ತಾದರ ಸಂಬಳ ಆಗಬೇಕು, ನಿಜ. ಅದಕ್ಕೆ ನಮ್ಮ ಹಿರಿಯರ ದಾರಿ ಇದೆಯಲ್ಲ! ಯಾರೋ ತಂದ ಹಲಸಿನ ಹಣ್ಣನ್ನು, ತೆಂಗಿನಕಾಯಿಯನ್ನು ಪಳ್ಳಿಯಂಗಳದಲ್ಲಿ ಏಲಂ ಮಾಡುತ್ತಿದ್ದರು. ಹೆಚ್ಚು ಕೂಗಿದವನು ಹಣ್ಣನ್ನು ಮನೆಗೆ ಒಯ್ಯುತ್ತಿದ್ದ. ಯಾರ ಹಣವೂ ಮುಳುಗುತ್ತಿರಲಿಲ್ಲ. 100 ರೂಪಾಯಿಯ ಕೂಪನ್ ಕೊಂಡವನ ಕಣ್ಣು ಸ್ಕೂಟರ್ ಮೇಲಿರುತ್ತದೆ. 10 ರೂಪಾಯಿ ಸದಖ ಹಾಕಿದವನು ಅಲ್ಲಾಹನ ಪ್ರತಿಫಲವನ್ನು ಕಾಯುತ್ತಾನೆ. ಯಾವ ಹಣದಲ್ಲಿ ಬರ್ಕತ್ ಇದೆ ಎಂದು ಜಮಾಅತ್ ಕಮಿಟಿಗಳು ಯೋಚಿಸಲಿ. ಕೂಪನ್ ಮುದ್ರಿಸಿಯಾಗಿದ್ದರೆ ಡ್ರಾ ಕೈಬಿಟ್ಟು, ಕೊಂಡವರಿಗೆ ಹಣ ಮರಳಿಸಲಿ. ಮರಳಿ ಪಡೆಯಲು ಇಚ್ಛಿಸದವರು ಅದನ್ನು ಸಂತೋಷದಿಂದ ಸದಖವಾಗಿ ಬಿಡಲಿ.

ನಮ್ಮ ಸಂಪಾದನೆಯನ್ನೂ ನಮ್ಮ ಸಂಸ್ಥೆಗಳನ್ನೂ ಅಲ್ಲಾಹನು ಹರಾಮ್‌ನಿಂದ ಕಾಪಾಡಲಿ. ಹಲಾಲಾದ ಅಲ್ಪದಲ್ಲಿ ತೃಪ್ತಿಯನ್ನೂ ಬರ್ಕತ್ತನ್ನೂ ಕರುಣಿಸಲಿ. ಆಮೀನ್.