ಹಾಜರಿ ಪುಸ್ತಕದಲ್ಲಿ ಆ ಹೆಸರೂ ಇರಲಿ



ಒಂಬತ್ತು ದಿನ ನಮ್ಮ ಮಕ್ಕಳು ಮಾತೆ ಮರಿಯಮ್ಮನವರಿಗೆ ಹೂ ಅರ್ಪಿಸಿದ್ದಾರೆ. ಇಂದು, ಸೆಪ್ಟೆಂಬರ್ 8, ತೆನೆಹಬ್ಬ. ಹೊಸಕ್ಕಿಯಲ್ಲಿ ಪರಊರಿನಲ್ಲಿರುವ ಮಕ್ಕಳಿಗೂ ಪಾಲು ತೆಗೆದಿಡುತ್ತೇವೆ. ಇಂದಿನ ಶುಭಸಂದೇಶದ ಉದ್ದದ ವಂಶಾವಳಿಗೆ ನಮ್ಮಲ್ಲಿ ಕೆಲವರಿಗೆ ತೂಕಡಿಕೆ ಬರುವುದುಂಟು! ಆದರೆ ತಾಮಾರ, ರಾಹಾಬ, ರೂತ್, ಇಂಥ ಹೆಸರುಗಳನ್ನೂ ಅಲ್ಲಿ ಬಿಟ್ಟಿಲ್ಲ. ನಮ್ಮ ಶಾಲೆಗಳ ಹಾಜರಿ ಪುಸ್ತಕ ಹಾಗಿದೆಯೇ?

ಆಟಿಸಂ ಇರುವ, ಕಲಿಕೆಯಲ್ಲಿ ನಿಧಾನವಾದ ಮಗುವನ್ನು ಕರೆತಂದ ತಾಯಿಗೆ "ಇಲ್ಲಿ ಆಗುವುದಿಲ್ಲ, ವಿಶೇಷ ಶಾಲೆಗೆ ಸೇರಿಸಿ" ಎನ್ನುವುದು ಸುಲಭ. ಆ ಶಾಲೆಗೆ ಎರಡು ಬಸ್ಸು ಬದಲಿಸಬೇಕಾದರೆ? ಮಗು ಮನೆಯಲ್ಲೇ ಉಳಿಯುತ್ತದೆ. ತಾಯಿಯೂ ಕೆಲಸ ಬಿಟ್ಟು ಉಳಿಯುತ್ತಾಳೆ.

ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವೈಕಲ್ಯವಿರುವ 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆಯಲ್ಲಾಗಲಿ, ತಾನು ಬಯಸಿದ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯಿದೆ ಕೊಟ್ಟಿದೆ. ಆಯ್ಕೆ ಕುಟುಂಬದ್ದು, ಶಾಲೆಯದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸದೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, ನಿಜ. ಆ ತೀರ್ಪಿನ ಹಿಂದೆ ನಾವು ಅಡಗಿಕೊಂಡರೆ ನಮ್ಮ ಶಾಲೆಗಳಿಗೆ ಸಂತರ ಹೆಸರು ಯಾಕೆ?

ಇಳಿಜಾರು ಕಟ್ಟಿಸುವುದಕ್ಕೆ ದಾನಿಗಳು ಸಿಗುತ್ತಾರೆ. ತರಬೇತಾದ ಟೀಚರ್ ಒಬ್ಬರ ತಿಂಗಳ ಸಂಬಳಕ್ಕೆ ಸಿಗುವುದು ಕಷ್ಟ. ನಮಗೆ ಬೇಕಾಗಿರುವುದು ಅದೇ.

ಪ್ರಿಯ ತಂದೆತಾಯಿಗಳೇ, ತಾಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗಾಗಿಯೇ ಇರುವ ಸಂಪನ್ಮೂಲ ಶಿಕ್ಷಕರನ್ನು ವಿಚಾರಿಸಿ. ಶಾಲೆಗೆ ಬರಲಾಗದ ಮಗುವಿಗೆ ಮನೆಯಲ್ಲೇ ಕಲಿಸುವ ವ್ಯವಸ್ಥೆಯೂ ಇದೆ. ಪರೀಕ್ಷೆಗೆ ಬರಹಗಾರ, ಹೆಚ್ಚುವರಿ ಸಮಯ ಬೇಕಿದ್ದರೆ ವೈದ್ಯಕೀಯ ಪ್ರಮಾಣಪತ್ರವನ್ನು ಮುಂಚಿತವಾಗಿಯೇ ಮಾಡಿಸಿ. ಅರ್ಜಿ ಬರೆಯಲು ತೊಡಕಾದರೆ ನಿಮ್ಮ ವಾರ್ಡಿನ ಗುರಿಕಾರರಿಗೆ ಹೇಳಿ, ಅವರು ಜೊತೆಗೆ ಬರಲಿ.