ಆಟ ನಿಂತ ಮೇಲೆ ಏನ್ ಸಾರ್? ಕಾರ್ಲ್‌ಟನ್ ಚಾಪ್‌ಮನ್ ಅವರ ಎಂಟು ವರ್ಷ ಮತ್ತು ಹತ್ತೊಂಬತ್ತು ವರ್ಷ

ಈ ವಾರದ ಎಪಿಸೋಡ್ ರೆಕಾರ್ಡ್ ಮಾಡ್ತಿರೋದು ನಾಯಂಡಹಳ್ಳಿಯ ನಮ್ಮ ಮನೆ ರೂಮಿನಿಂದಲೇ. ಮಧ್ಯೆ ರೈಲಿನ ಹಾರ್ನ್ ಕೇಳಿಸಿದ್ರೆ ಅದು ಮೈಸೂರು ಕಡೆ ಹೋಗೋ ಗಾಡಿ. ಸ್ವಲ್ಪ ಸಹಿಸ್ಕೊಳ್ಳಿ.

ಭಾನುವಾರ ಬೆಳಿಗ್ಗೆ ನಾನು ನಮ್ಮ ಏರಿಯಾದ ಹದಿನೈದು ಇಪ್ಪತ್ತು ಹುಡುಗರಿಗೆ ಫುಟ್‌ಬಾಲ್ ಹೇಳ್ಕೊಡ್ತೀನಿ ಅನ್ನೋದು ಹಳೇ ಕೇಳುಗರಿಗೆ ಗೊತ್ತು. ಕೋಚ್ ಅಂತ ಕರೆಯೋ ಯೋಗ್ಯತೆ ನನಗಿಲ್ಲ. ಕಾಲೇಜ್ ಟೀಮಲ್ಲಿ ಮಿಡ್‌ಫೀಲ್ಡ್ ಆಡ್ತಿದ್ದೆ. ಬಿ.ಕಾಂ. ಮುಗೀತು, ಆಟಾನೂ ಮುಗೀತು. ಈಗ ರಿಂಗ್ ರೋಡ್ ಹಿಂದೆ ಒಂದು ಖಾಲಿ ಜಾಗ, ನಾಲ್ಕು ಕೋನ್, ಮೂರು ಬಾಲ್, ಇಷ್ಟೇ.

ಎರಡು ವಾರದ ಹಿಂದೆ ಪ್ರಾಕ್ಟೀಸ್ ಮುಗಿಸುವಾಗ ಒಬ್ಬ ಹುಡುಗನ ಅಮ್ಮ ಬಂದ್ರು. ಮೈಸೂರು ರಸ್ತೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ. ವಾರಕ್ಕೆ ಒಂದೇ ದಿನ ರಜೆ, ಆ ದಿನವೇ ಬಂದಿದ್ರು. ಮಗ ಈ ಸಲ ಎಸ್ಸೆಸ್ಸೆಲ್ಸಿ ಮುಗಿಸಿದ್ದಾನೆ. ನಮ್ಮ ಗುಂಪಲ್ಲಿ ಬಾಲ್ ಕಾಲಿಗೆ ಬರೋ ಮೊದಲೇ ತಲೆ ಎತ್ತಿ ಸುತ್ತ ನೋಡೋ ಹುಡುಗ ಅವನೊಬ್ಬನೇ. ಅವರು ಕೇಳಿದ್ದು ಇಷ್ಟು: 'ಸಾರ್, ಇವ್ನು ಪಿಯುಸಿ ಬೇಡ, ಫುಟ್‌ಬಾಲ್ ಆಡ್ತೀನಿ ಅಂತಾನೆ. ಆಡ್ಲಿ, ಬೇಡ ಅನ್ನಲ್ಲ. ಎಷ್ಟು ವರ್ಷ ಆಡ್ತಾನೆ? ಆಟ ನಿಂತ ಮೇಲೆ ಏನ್ ಸಾರ್?'

ನನಗೆ ತಕ್ಷಣ ಉತ್ತರ ಹೊಳೀಲಿಲ್ಲ. 'ಯೋಚನೆ ಮಾಡಿ ಹೇಳ್ತೀನಿ ಅಕ್ಕ' ಅಂದೆ. ಆ ಯೋಚನೆಯೇ ಇವತ್ತಿನ ಎಪಿಸೋಡ್. ಅದಕ್ಕೆ ನಾನು ಹಿಡಿದುಕೊಂಡಿದ್ದು ಒಬ್ಬ ಬೆಂಗಳೂರಿನ ಮಿಡ್‌ಫೀಲ್ಡರ್‌ನ. ಕಾರ್ಲ್‌ಟನ್ ಚಾಪ್‌ಮನ್.

ಹೆಸರು ಕೇಳಿದ್ದೀರಾ? ನಿಜ ಹೇಳ್ತೀನಿ, 2020ರ ತನಕ ನಾನೂ ಸರಿಯಾಗಿ ಕೇಳಿರಲಿಲ್ಲ. ಆ ವರ್ಷ ಅಕ್ಟೋಬರ್ 12ರಂದು, ಕೋವಿಡ್ ಕಾಲದಲ್ಲಿ ಎಲ್ರೂ ಮನೇಲಿ ಕೂತಿದ್ದಾಗ, ಅವರು ಬೆಂಗಳೂರಲ್ಲಿ ತೀರಿಕೊಂಡ ಸುದ್ದಿ ಬಂತು. 49 ವರ್ಷ. ಭಾರತ ತಂಡದ ಮಾಜಿ ಕ್ಯಾಪ್ಟನ್, ನಮ್ಮೂರಿನವರು, ನನಗೆ ಅವರ ಮುಖವೂ ಗೊತ್ತಿರಲಿಲ್ಲ. ಅವತ್ತು ಆದ ನಾಚಿಕೆ ಇನ್ನೂ ಇದೆ.

1971ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ ಹುಟ್ಟಿದವರು. ಬೆಳೆದದ್ದು ಸಾಯ್, ಅಂದ್ರೆ ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಹಾಸ್ಟೆಲ್‌ನಲ್ಲಿ. ಆ ಸಾಯ್ ಕೇಂದ್ರ ಇವತ್ತು ಜ್ಞಾನಭಾರತಿಯಲ್ಲಿದೆ. ನಾಯಂಡಹಳ್ಳಿ ಮೆಟ್ರೋ ಸ್ಟೇಷನ್‌ನಿಂದ ಎರಡನೇ ಸ್ಟಾಪು. ಅಲ್ಲಿಂದ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿ, 1993ಕ್ಕೆ ಕೋಲ್ಕತ್ತದ ಈಸ್ಟ್ ಬೆಂಗಾಲ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನ ಈಸ್ಟ್ ಬೆಂಗಾಲ್ 6-2ರಲ್ಲಿ ಹೊಡೀತು. ಆ ಆರರಲ್ಲಿ ಮೂರು ಗೋಲು ಚಾಪ್‌ಮನ್ ಅವರದ್ದು. ಮಿಡ್‌ಫೀಲ್ಡರ್ ಹ್ಯಾಟ್ರಿಕ್!

1995ರಿಂದ ಎರಡು ವರ್ಷ ಪಂಜಾಬಿನ ಜೆಸಿಟಿ. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ, ಜೊತೆಗೆ ಇವರು. 1996-97ರ ಮೊಟ್ಟಮೊದಲ ನ್ಯಾಷನಲ್ ಫುಟ್‌ಬಾಲ್ ಲೀಗ್ ಗೆದ್ದದ್ದು ಆ ಜೆಸಿಟಿ. 1997ರಲ್ಲಿ ಇವರ ನಾಯಕತ್ವದಲ್ಲಿ ಭಾರತ ಸ್ಯಾಫ್ ಕಪ್ ಗೆದ್ದಿತು. ಆಮೇಲೆ ಒಂದು ಸೀಸನ್ ಎಫ್‌ಸಿ ಕೊಚ್ಚಿನ್, 1998ಕ್ಕೆ ಮತ್ತೆ ಈಸ್ಟ್ ಬೆಂಗಾಲ್. 2001ರಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಾಗ ಕ್ಯಾಪ್ಟನ್ ಇವರೇ. ಆ ವರ್ಷವೇ ವೃತ್ತಿಪರ ಆಟ ಬಿಟ್ರು. ಆಗ ವಯಸ್ಸು ಮೂವತ್ತು.

ಈಗ ಕಾಮರ್ಸ್ ಓದಿದವನ ಚಾಳಿ, ಲೆಕ್ಕ ಹಾಕ್ತೀನಿ. 1993ರಿಂದ 2001, ದೊಡ್ಡ ಕ್ಲಬ್‌ಗಳಲ್ಲಿ ಆಡಿದ್ದು ಎಂಟು ವರ್ಷ. 2001ರಿಂದ 2020, ಆಟ ನಿಂತ ಮೇಲೆ ಬದುಕಿದ್ದು ಹತ್ತೊಂಬತ್ತು ವರ್ಷ. ಅದೂ ಬೇಗ ಹೋದ ಮನುಷ್ಯನ ಲೆಕ್ಕ. ನಾವು ಮಾತಾಡೋದೆಲ್ಲ ಎಂಟರ ಬಗ್ಗೆ. ಹುಡುಗನ ಅಮ್ಮ ಕೇಳಿದ್ದು ಹತ್ತೊಂಬತ್ತರ ಬಗ್ಗೆ.

ಆ ಹತ್ತೊಂಬತ್ತರಲ್ಲಿ ಚಾಪ್‌ಮನ್ ಏನು ಮಾಡಿದ್ರು? ಕೋಚ್ ಆದ್ರು. ಮೊದಲು ತಾವು ಕಲಿತ ಟಾಟಾ ಅಕಾಡೆಮಿಗೇ ವಾಪಸ್ ಹೋಗಿ ಕಲಿಸಿದ್ರು. ಆಮೇಲೆ ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ, ಕೋಲ್ಕತ್ತದ ಭವಾನಿಪುರ, ಕೊನೆಗೆ ಕೋಳಿಕ್ಕೋಡಿನ ಕ್ವಾರ್ಟ್ಜ್. ಆಡುವಾಗ ಊರೂರು ತಿರುಗಿದ ಹಾಗೇ ಕಲಿಸುವಾಗಲೂ ತಿರುಗಿದ್ರು.

ಮಿಡ್‌ಫೀಲ್ಡರ್‌ಗಳೇ ಯಾಕೆ ಇಷ್ಟು ಜನ ಕೋಚ್ ಆಗ್ತಾರೆ? ನಮ್ಮ ನಾಯಂಡಹಳ್ಳಿ ಜಂಕ್ಷನ್ ನೆನಪು ಮಾಡ್ಕೊಳ್ಳಿ. ಸಂಜೆ ಆರೂವರೆ. ಒಂದು ಕಡೆ ಮೈಸೂರು ರಸ್ತೆ, ಇನ್ನೊಂದು ಕಡೆ ರಿಂಗ್ ರೋಡ್. ಆಟೋದವನಿಗೆ ಮುಂದಿರೋ ಬಸ್ಸಿನ ಬೆನ್ನು ಮಾತ್ರ ಕಾಣುತ್ತೆ. ಬಸ್ಸಿನವರಿಗೆ ತಮ್ಮ ಸ್ಟಾಪ್ ಮಾತ್ರ. ನಡುವೆ ನಿಂತ ಟ್ರಾಫಿಕ್ ಪೊಲೀಸಪ್ಪನಿಗೆ ಮಾತ್ರ ನಾಲ್ಕೂ ದಿಕ್ಕು ಕಾಣಬೇಕು. ಯಾವ ಕಡೆ ತುಂಬಿದೆ, ಯಾವ ಕಡೆ ಖಾಲಿ ಇದೆ, ಈಗ ಯಾರನ್ನ ಬಿಡಬೇಕು. ಮಿಡ್‌ಫೀಲ್ಡರ್ ಕೆಲಸವೂ ಅದೇ. ಹತ್ತು ವರ್ಷ ಅದೇ ಮಾಡಿದವನಿಗೆ ಆಟದ ನಕ್ಷೆ ತಲೇಲಿ ಕೂತಿರುತ್ತೆ.

ಇದಕ್ಕೆ ನನ್ನ ಇಷ್ಟದ ಉದಾಹರಣೆ ಸ್ವೀಡನ್ನಿನದು. ಹಲಸೂರು ಪಕ್ಕದ ಗೌತಮಪುರಕ್ಕೆ ಹೋಗಿದ್ರೆ ಅಲ್ಲಿ ಪೆಲೆ ಪ್ರತಿಮೆ ನೋಡಿರ್ತೀರಿ. ಆ ಪೆಲೆ ಹದಿನೇಳನೇ ವಯಸ್ಸಿಗೆ ವಿಶ್ವಕಪ್ ಗೆದ್ದದ್ದು 1958ರಲ್ಲಿ, ಸ್ಟಾಕ್‌ಹೋಮ್ ಹತ್ತಿರ ನಡೆದ ಫೈನಲ್‌ನಲ್ಲಿ. ಬ್ರೆಜಿಲ್ 5, ಸ್ವೀಡನ್ 2. ಆದರೆ ಮೊದಲ ಗೋಲು ಹೊಡೆದದ್ದು ಸ್ವೀಡನ್ ಕ್ಯಾಪ್ಟನ್ ನಿಲ್ಸ್ ಲಿಡ್‌ಹೋಮ್. ಮಿಡ್‌ಫೀಲ್ಡರ್, ಆಗಲೇ 35 ವರ್ಷ. 1949ರಿಂದ 1961ರ ತನಕ ಇಟಲಿಯ ಮಿಲಾನ್ ಪರ ಆಡಿದ್ರು. ಆಟ ಬಿಟ್ಟಾಗ ಮಿಲಾನ್ ಅವರನ್ನ ಬಿಡಲಿಲ್ಲ, ಕೋಚಿಂಗ್ ಕೆಲಸಕ್ಕೆ ಅಲ್ಲೇ ಇಟ್ಕೊಳ್ತು. 1979ರಲ್ಲಿ ಕೋಚ್ ಆಗಿ ಮಿಲಾನ್‌ಗೆ ಇಟಲಿಯ ಲೀಗ್ ಗೆಲ್ಲಿಸಿದ್ರು, 1983ರಲ್ಲಿ ರೋಮಾಗೆ. ಆ ರೋಮಾ ತಂಡದಲ್ಲಿ ಒಬ್ಬ ಯುವ ಮಿಡ್‌ಫೀಲ್ಡರ್ ಇದ್ದ, ಕಾರ್ಲೊ ಆಂಚೆಲೊಟ್ಟಿ. ಮುಂದೆ ಕೋಚ್ ಆಗಿ ಎಷ್ಟೋ ಚಾಂಪಿಯನ್ಸ್ ಲೀಗ್ ಗೆದ್ದ ಅದೇ ಆಂಚೆಲೊಟ್ಟಿ.

ಒಬ್ಬ ಮಿಡ್‌ಫೀಲ್ಡರ್ ಕೋಚ್ ಆದ, ಅವನ ಕೈಕೆಳಗೆ ಬೆಳೆದ ಇನ್ನೊಬ್ಬನೂ ಕೋಚ್ ಆದ. ಇದು ಸಾಧ್ಯ ಆಗಿದ್ದು ಲಿಡ್‌ಹೋಮ್ ಬುದ್ಧಿವಂತ ಅನ್ನೋದಕ್ಕೆ ಮಾತ್ರ ಅಲ್ಲ. ಅವರು ಆಡಿದ ಕ್ಲಬ್ ಉಳಿದಿತ್ತು. ವಾಪಸ್ ಹೋಗೋಕೆ ಒಂದು ಬಾಗಿಲಿತ್ತು.

ಈಗ ಚಾಪ್‌ಮನ್ ಅವರ ಪಟ್ಟಿ ನೋಡಿ. ಜೆಸಿಟಿ 2011ರಲ್ಲಿ ತಂಡವನ್ನೇ ಮುಚ್ಚಿತು. ದೇಶದ ಮೊದಲ ವೃತ್ತಿಪರ ಕ್ಲಬ್ ಅಂತ ಹೆಸರಾಗಿದ್ದ ಎಫ್‌ಸಿ ಕೊಚ್ಚಿನ್ ಹಣ ಇಲ್ಲದೆ ಕೆಲವೇ ವರ್ಷದಲ್ಲಿ ಹೋಯ್ತು. ಅವರು ಎರಡು ಸಲ ಗೆದ್ದ ನ್ಯಾಷನಲ್ ಲೀಗ್ 2007ಕ್ಕೆ ಮುಗೀತು, ಅದರ ಜಾಗಕ್ಕೆ ಐ-ಲೀಗ್ ಬಂತು. ರಾಯಲ್ ವಾಹಿಂಗ್ಡೋ 2014-15ರಲ್ಲಿ ಐ-ಲೀಗ್‌ನಲ್ಲಿ ಮೂರನೇ ಸ್ಥಾನಕ್ಕೆ ಬಂದು, ಆಮೇಲೆ ಲೀಗಿನಿಂದಲೇ ಹಿಂದೆ ಸರೀತು. ನಿಮ್ಮ ಬಯೋಡೇಟಾದಲ್ಲಿರೋ ಕಂಪನಿಗಳು ಒಂದೊಂದೇ ಬಾಗಿಲು ಹಾಕಿದ್ರೆ ಹೇಗಿರುತ್ತೆ? ನನ್ನ ಕ್ಲಾಸ್‌ಮೇಟ್ ಯಾರಿಗಾದ್ರೂ ಹಾಗಾಗಿದ್ರೆ ನಾವು ಅವನ ಮುಂದೆ ಹ್ಯಾಟ್ರಿಕ್ ನೆನಪು ಮಾಡ್ಕೊಂಡು ಚಪ್ಪಾಳೆ ತಟ್ತಿರಲಿಲ್ಲ, ಪಿಎಫ್ ಬಂತಾ ಅಂತ ಕೇಳ್ತಿದ್ವಿ.

ಬೆಂಗಳೂರಲ್ಲಿ ಹಳೇ ಕಾಲದಲ್ಲಿ ಇದಕ್ಕೊಂದು ಉತ್ತರ ಇತ್ತು. ಎಚ್‌ಎಎಲ್, ಐಟಿಐ ಥರದ ಕಾರ್ಖಾನೆಗಳ ತಂಡಗಳು. ಕ್ರೀಡಾ ಕೋಟಾದಲ್ಲಿ ಕೆಲಸ, ಸಂಜೆ ಪ್ರಾಕ್ಟೀಸ್, ಕಾಲು ಸೋತ ಮೇಲೂ ಕುರ್ಚಿ ಇರುತ್ತೆ, ನಿವೃತ್ತಿ ತನಕ ಸಂಬಳ. ನಮ್ಮ ರಾಜ್ಯ 1969ರ ಒಳಗೆ, ಮೈಸೂರು ಅನ್ನೋ ಹೆಸರಲ್ಲಿ, ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು. ಮುಂದಿನದಕ್ಕೆ 2023ರ ತನಕ ಕಾಯಬೇಕಾಯ್ತು. ಚಾಪ್‌ಮನ್ ಅವರದ್ದು ಆ ಕುರ್ಚಿ ಬಿಟ್ಟು ಆಟವನ್ನೇ ಹೊಟ್ಟೆಪಾಡು ಮಾಡ್ಕೊಂಡ ಮೊದಲ ತಲೆಮಾರು. ಕೈಗೆ ಹೆಚ್ಚು ದುಡ್ಡು ಬಂತು, ಕೆಳಗಿದ್ದ ನೆಲ ಮಾತ್ರ ಗಟ್ಟಿ ಇರಲಿಲ್ಲ.

ಇದು ಮುಗಿದ ಕಥೆ ಅಂದ್ಕೋಬೇಡಿ. 2025ರ ಜುಲೈಯಲ್ಲಿ ಒಪ್ಪಂದದ ಗೊಂದಲದಿಂದ ಐಎಸ್‌ಎಲ್ ಸೀಸನ್ನೇ ತಡೆ ಹಿಡಿದ್ರು. ಆಗಸ್ಟ್ ಮೊದಲ ವಾರ ನಮ್ಮ ಬೆಂಗಳೂರು ಎಫ್‌ಸಿ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸ್ತಿದ್ದೀವಿ ಅಂತ ಪ್ರಕಟಿಸಿತು. ಎರಡು ಸಲ ಐ-ಲೀಗ್, ಒಂದು ಸಲ ಐಎಸ್‌ಎಲ್ ಗೆದ್ದ ಕ್ಲಬ್ಬಿನ ಗತಿ ಇದು. ಆದರೆ ಅದೇ ಹೇಳಿಕೆಯಲ್ಲಿ ಇನ್ನೊಂದು ಮಾತಿತ್ತು: ಕಿರಿಯರ ತಂಡಗಳಿಗೆ, ಮಕ್ಕಳ ಸಾಕರ್ ಸ್ಕೂಲ್‌ಗಳಿಗೆ ತೊಂದರೆ ಆಗಲ್ಲ ಅಂತ. ಇದನ್ನ ನಾನು ಎರಡು ಸಲ ಓದಿದೆ. ಮೇಲಿನ ಆಟ ನಿಂತಾಗಲೂ ಮಕ್ಕಳಿಗೆ ಕಲಿಸೋ ಕೆಲಸ ನಡೀತಾ ಇತ್ತು.

ಅದೇ ವಾರ ಇನ್ನೊಂದು ಸುದ್ದಿ. ಭಾರತ ತಂಡದ ಕೋಚ್ ಆಗಿ ಖಾಲಿದ್ ಜಮೀಲ್ ನೇಮಕ. ಅವರೂ ಮಿಡ್‌ಫೀಲ್ಡರೇ. ದೊಡ್ಡ ಹೆಸರಿಲ್ಲದ ಐಜಾಲ್ ತಂಡಕ್ಕೆ 2017ರಲ್ಲಿ ಐ-ಲೀಗ್ ಗೆಲ್ಲಿಸಿದವರು. ಐಎಸ್‌ಎಲ್‌ನಲ್ಲಿ ಹೆಡ್ ಕೋಚ್ ಕುರ್ಚಿ ವರ್ಷಗಟ್ಟಲೆ ವಿದೇಶಿಯರಿಗೇ ಮೀಸಲಾದ ಹಾಗಿತ್ತು. ಅದರಲ್ಲಿ ಪೂರ್ಣಾವಧಿಗೆ ಕೂತ ಮೊದಲ ಭಾರತೀಯ ಇವರು. ಅದು 2021ರಲ್ಲಿ. ಚಾಪ್‌ಮನ್ ತೀರಿಕೊಂಡ ಮರುವರ್ಷ.

ಈ ದಿನಾಂಕ ನನಗೆ ಚುಚ್ಚುತ್ತೆ. ಚಾಪ್‌ಮನ್ ಇದ್ದಿದ್ರೆ ಅವರಿಗೂ ಸಿಗ್ತಿತ್ತು ಅಂತ ನಾನು ಹೇಳಲ್ಲ, ಹೇಳೋಕೆ ನನ್ನ ಹತ್ರ ಆಧಾರ ಇಲ್ಲ. ಆದರೆ ಅವರು ಕಲಿಸಿದ ವರ್ಷಗಳಲ್ಲಿ ಆ ಬಾಗಿಲು ತೆರೆದೇ ಇರಲಿಲ್ಲ.

ಸರಿ, ಹುಡುಗನ ಅಮ್ಮನ ಪ್ರಶ್ನೆಗೆ ಬರ್ತೀನಿ. ಹೋದ ಭಾನುವಾರ ಅವರು ಮತ್ತೆ ಬಂದ್ರು. ನಾನು ಸುಳ್ಳು ಭರವಸೆ ಕೊಡಲಿಲ್ಲ. 'ಅಕ್ಕ, ತುಂಬಾ ಚೆನ್ನಾಗಿ ಆಡಿ, ಗಾಯ ಆಗದೆ, ಅದೃಷ್ಟ ಕೂಡಿ ಬಂದ್ರೆ ಎಂಟು ಹತ್ತು ವರ್ಷ' ಅಂದೆ. ಚಾಪ್‌ಮನ್ ಅವರ ವಿಷಯ ಪೂರ್ತಿ ಹೇಳಿದೆ. ಪಿಯುಸಿ ಬಿಡಿಸಬೇಡಿ ಅಂದೆ. ಡಿಗ್ರಿ ಇದ್ರೆ ಕ್ರೀಡಾ ಕೋಟಾದ ಕೆಲಸಕ್ಕೂ ಅರ್ಜಿ ಹಾಕಬಹುದು. ಕೋಚಿಂಗ್‌ಗೂ ಈಗ ಲೈಸೆನ್ಸ್ ಇದೆ, ಇ, ಡಿ, ಸಿ, ಬಿ, ಎ ಅಂತ ಮೆಟ್ಟಿಲು ಮೆಟ್ಟಿಲಾಗಿ. ಆಟ ನಿಂತ ಮೇಲೆ ಅದನ್ನ ಯೋಚನೆ ಮಾಡೋದಲ್ಲ, ಆಡುವಾಗಲೇ ಹತ್ತೋಕೆ ಶುರು ಮಾಡಬೇಕು ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು, 'ನೀವು ಆ ಲೈಸೆನ್ಸ್ ಮಾಡಿದ್ದೀರಾ ಸಾರ್?'

ಇಲ್ಲ ಅಂದೆ. ಅವರು ನಕ್ಕರು. 'ಮತ್ತೆ? ಇಬ್ರೂ ಓದ್ಕೊಳ್ಳಿ' ಅಂದ್ರು. ಮಗ ಕಾಮರ್ಸ್ ತಗೊಳ್ತಾನಂತೆ, ಸಂಜೆ ಪ್ರಾಕ್ಟೀಸ್ ಬಿಡಬಾರದು ಅನ್ನೋ ಷರತ್ತಿನ ಮೇಲೆ.

ಅವತ್ತು ಅವನಿಗೆ ಒಂದು ಕೆಲಸ ಕೊಟ್ಟೆ. ಹತ್ತು ವರ್ಷದ ಚಿಕ್ಕ ಹುಡುಗರು ಆರು ಜನರನ್ನ ಅವನ ಕೈಗೆ ಒಪ್ಪಿಸಿ, ಅರ್ಧ ಗಂಟೆ ಪಾಸಿಂಗ್ ಹೇಳ್ಕೊಡು ಅಂದೆ. ಮೊದಲು ಕಿರುಚಾಡಿದ. ಆಮೇಲೆ ಒಬ್ಬೊಬ್ಬನ ಪಕ್ಕ ಹೋಗಿ ನಿಂತು, ತಲೆ ಎತ್ತು, ಮೊದ್ಲು ನೋಡು, ಆಮೇಲೆ ಬಾಲ್ ಅಂತ ಹೇಳ್ತಿದ್ದ.

ನಾನು ಈ ತಿಂಗಳು ಮೊದಲ ಮೆಟ್ಟಿಲಿನ ಕೋರ್ಸಿಗೆ ಅರ್ಜಿ ಹಾಕ್ತಿದ್ದೀನಿ. ಆಯ್ಕೆ ಆದ್ರೆ ಇಲ್ಲೇ ಹೇಳ್ತೀನಿ, ಆಗದಿದ್ರೂ ಹೇಳ್ತೀನಿ.

ನಿಮ್ಮ ಏರಿಯಾದಲ್ಲಿ ಒಂದು ಕಾಲಕ್ಕೆ ರಾಜ್ಯಕ್ಕೋ ದೇಶಕ್ಕೋ ಆಡಿ, ಈಗ ಮಕ್ಕಳಿಗೆ ಕಲಿಸ್ತಿರೋರು ಯಾರಾದ್ರೂ ಇದ್ರೆ ಒಂದು ಸಲ ಹೋಗಿ ಮಾತಾಡಿಸಿ. ಹಳೇ ಮ್ಯಾಚ್ ಬಗ್ಗೆ ಆಮೇಲೆ ಕೇಳಿ. ಮೊದಲು ಈಗ ಹೇಗಿದ್ದೀರಿ ಅಂತ ಕೇಳಿ.

ಮುಂದಿನ ವಾರ ಸಿಗೋಣ. ನಮಸ್ಕಾರ.